ಅರ್ಧ ಹೆಜ್ಜೆ ಮುಂಚೆ

ಮಾರ್ಚ್ ೪, ಮಂಗಳವಾರ

ಈ ನೋಟ್‌ಬುಕ್ ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಧ್ವನಿ ಟೀಚರ್ ಅವರ ಅಪ್ಪಣೆ. ದಿನಕ್ಕೆ ಎಷ್ಟು ಸಲ ಗಟ್ಟಿಯಾಗಿ ಮಾತಾಡಿದೆ, ಎಲ್ಲಿ, ಯಾರ ಹತ್ತಿರ ಎಂದು ಬರೆದಿಡಬೇಕಂತೆ. ಇವತ್ತು ಸೊನ್ನೆ. ನಿನ್ನೆಯದೂ ಸೊನ್ನೆಯೇ ಇರಬೇಕು.

ಕುತ್ತಿಗೆಯ ಗಂಟು ತೆಗೆಸಿ ಏಳು ತಿಂಗಳಾಯಿತು. ಗಂಟಿನ ಜೊತೆ ಧ್ವನಿಯೂ ಹೋಯಿತು. ಒಂದು ನರಕ್ಕೆ ಪೆಟ್ಟಾಗಿದೆ, ತಾನಾಗಿಯೇ ಸರಿಹೋಗುತ್ತದೆ ಎಂದಿದ್ದರು. ಇವತ್ತು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ನನ್ನ ಗಂಟಲನ್ನು ನನಗೇ ತೋರಿಸಿದರು. ಎರಡು ಬಿಳಿ ಪಟ್ಟಿಗಳು ಬಾಗಿಲಿನ ಹಾಗೆ ಮುಚ್ಚಿ ತೆರೆಯುತ್ತಿದ್ದವು.

"ನೋಡಿ, ಎರಡೂ ಚೆನ್ನಾಗಿ ಕೂಡ್ತಿವೆ. ನರ ಸರಿಹೋಗಿದೆ. ಇನ್ನೂ ಧ್ವನಿ ಬರ್ತಿಲ್ಲ ಅಂದ್ರೆ ನೀವು ಅದನ್ನ ಕರೀತಿಲ್ಲ ಅಂತ ಅರ್ಥ" ಎಂದರು ಟೀಚರ್.

ಹಾಗಿರಬಹುದು. ಇಲ್ಲದೆಯೂ ಇರಬಹುದು. ಇಷ್ಟು ತಿಂಗಳು ಪಿಸುಗುಟ್ಟಿ ಅದೇ ರೂಢಿಯಾಗಿದೆ. ಕ್ಲಿನಿಕ್‌ನಲ್ಲಿ ನನಗೆ ಮಾತಿನ ಅಗತ್ಯವೇ ಇಲ್ಲ. ಹದಿನೆಂಟು ವರ್ಷದಿಂದ ಹಲ್ಲಿನ ಡಾಕ್ಟರ ಎಡಗಡೆ ನಿಂತಿದ್ದೇನೆ. ಅವರು ಕೈ ಚಾಚುವ ಮೊದಲೇ ಬೇಕಾದ ಸಾಮಾನು ಅವರ ಕೈಯಲ್ಲಿರುತ್ತದೆ. ಮನೆಯಲ್ಲಿ ಅತ್ತೆಗೆ ಕಿವಿ ಮಂದ, ನನಗೆ ಧ್ವನಿ ಇಲ್ಲ. ನಡುವೆ ಇವರು ದುಭಾಷಿ. ಸೈಕಲ್ ಅಂಗಡಿಯಿಂದ ಬಂದ ಮೇಲೆ ಇವರಿಗೆ ಅದೇ ಎರಡನೇ ಪಾಳಿ. ನಾನು ಬಾಯಿ ತೆರೆಯುವ ಮೊದಲೇ "ಅಮ್ಮಾ, ಇವಳು ಕೇಳ್ತಿದಾಳೆ, ಮಾತ್ರೆ ತಗೊಂಡ್ಯಾ ಅಂತ" ಎನ್ನುತ್ತಾರೆ. ಬಹಳಷ್ಟು ಸಲ ನಾನು ಕೇಳಬೇಕೆಂದಿದ್ದುದು ಅದೇ ಆಗಿರುತ್ತದೆ. ಕೆಲವು ಸಲ ಅಲ್ಲ. ಆದರೂ ಸುಮ್ಮನಾಗುತ್ತೇನೆ.

ಮಾರ್ಚ್ ೭, ಶುಕ್ರವಾರ

ಇವತ್ತೊಂದು ತಮಾಷೆ ನಡೆಯಿತು. ತಮಾಷೆಯೋ ಏನೋ, ಇನ್ನೂ ತಿಳಿದಿಲ್ಲ.

ನಮ್ಮ ಡಾಕ್ಟರು ಹುಡುಗಿಯರ ಸಾಫ್ಟ್‌ಬಾಲ್ ಸಂಘದ ಅಧ್ಯಕ್ಷರು. ಅವರ ಮಗಳು ಹದಿನಾಲ್ಕು ವರ್ಷದೊಳಗಿನವರ ತಂಡದಲ್ಲಿ ಆಡುತ್ತಾಳೆ. ಅವಳ ಓಟಕ್ಕೆ ಇಡೀ ಊರು ಅವಳನ್ನು ಬಾಣ ಎಂದೇ ಕರೆಯುತ್ತದೆ. ಈ ವರ್ಷ ಇಬ್ಬರು ಅಂಪೈರ್‌ಗಳು ಬಿಟ್ಟುಹೋದರಂತೆ. ಪಂದ್ಯ ನೋಡಲು ಬರುವ ಅಪ್ಪಂದಿರ ಬೈಗುಳ ತಡೆಯಲಾರದೆ. ಇನ್ನಿಬ್ಬರು ಸಿಗದಿದ್ದರೆ ಹುಡುಗಿಯರ ಲೀಗ್ ಈ ಸಲ ನಿಂತಂತೆಯೇ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಸಂಘದ ಕಾರ್ಯದರ್ಶಿಗೆ ಇದನ್ನೆಲ್ಲ ಹೇಳುತ್ತಿದ್ದ ಡಾಕ್ಟರು ನನ್ನ ಕಡೆ ತಿರುಗಿದರು.

"ಇವರನ್ನೇ ಕಳಿಸಿಬಿಡ್ತೀನಿ ನೋಡಿ. ಯಾರು ಎಷ್ಟು ಕಿರುಚಿದ್ರೂ ತಿರುಗಿ ಒಂದು ಮಾತಾಡಲ್ಲ. ಜಗಳಾನೇ ಆಗಲ್ಲ."

ಕಾರ್ಯದರ್ಶಿ ಬಾಯೊಳಗಿನ ಹತ್ತಿಯ ಸಮೇತ ನಕ್ಕರು. ನಾನು ಬೇಡವೆಂದು ತಲೆಯಾಡಿಸಿದೆ. ಆದರೆ ಅದೇ ಹೊತ್ತಿಗೆ ಎಂಜಲು ಎಳೆಯುವ ಕೊಳವೆ ಜಾರಿತು, ಬಗ್ಗಿ ಹಿಡಿದೆ. ತಲೆ ಮೇಲೆ ಕೆಳಗೆ ಹೋಯಿತು. ಇಬ್ಬರೂ ಅದನ್ನು ಒಪ್ಪಿಗೆ ಎಂದುಕೊಂಡರು.

ಸಂಜೆ ಇವರಿಗೆ ತಿಳಿಸಿದೆ. "ಬೇಡ ಅಂತ ನಾನೇ ಫೋನ್ ಮಾಡಿ ಹೇಳಿಬಿಡ್ಲಾ?" ಎಂದರು. ಸರಿ ಎನ್ನಬೇಕಿತ್ತು. ಅನ್ನಲಿಲ್ಲ. ಯಾಕೆಂದು ಗೊತ್ತಿಲ್ಲ.

ಮಾರ್ಚ್ ೧೬, ಭಾನುವಾರ

ತರಬೇತಿಯ ಮೊದಲ ದಿನ. ಶಾಲೆಯೊಂದರ ವ್ಯಾಯಾಮದ ಕೋಣೆ, ರಬ್ಬರ್ ಚಾಪೆಯ ವಾಸನೆ, ಒಂಬತ್ತು ಜನ. ಕಲಿಸುವವರು ಅರವತ್ತೆಂಟು ವರ್ಷದ ಹೆಂಗಸು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದರಂತೆ, ಅಷ್ಟೇ ವರ್ಷ ಅಂಪೈರ್ ಕೂಡ. ಎಲ್ಲರೂ ಅವರನ್ನು ಕಂಡಕ್ಟರಮ್ಮ ಎನ್ನುತ್ತಾರೆ. ಗಿಡ್ಡ ಆಳು. ನಿಂತರೆ ಮಾತ್ರ ನೆಲಕ್ಕೆ ಮೊಳೆ ಹೊಡೆದ ಹಾಗೆ.

ಮೊದಲ ಪಾಠ, ಕೇಳಿದ್ದು ಕೇಳಿದ ಹಾಗೆ: ಚೆಂಡು ಎಸೆಯುವವಳು ಪಿಚ್ಚರ್. ಅವಳು ಕೆಳಗೈಯಲ್ಲಿ ಎಸೆಯುತ್ತಾಳೆ. ಹೊಡೆಯುವವಳ ಕಂಕುಳಿನಿಂದ ಮಂಡಿಯವರೆಗೆ, ನೆಲದಲ್ಲಿರುವ ಬಿಳಿ ಹೋಮ್ ಪ್ಲೇಟಿನಷ್ಟು ಅಗಲಕ್ಕೆ, ಕಾಣದ ಒಂದು ಕಿಟಕಿ ಇದೆ ಎಂದುಕೊಳ್ಳಬೇಕು. ಚೆಂಡು ಆ ಕಿಟಕಿಯೊಳಗೆ ಹಾದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕ್‌ಗೆ ಔಟ್, ನಾಲ್ಕು ಬಾಲ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್‌ಗೆ. ಹೊಡೆದವಳು ಮೂರು ಬೇಸ್ ಸುತ್ತಿ ಮತ್ತೆ ಹೋಮ್ ಮುಟ್ಟಿದರೆ ಒಂದು ರನ್.

ಬೇಸ್ ಮೇಲೆ ನಿಂತವಳಿಗೆ ಒಂದು ಕಟ್ಟುಪಾಡು: ಪಿಚ್ಚರ್ ಕೈಯಿಂದ ಚೆಂಡು ಬಿಡುವವರೆಗೆ ಇವಳ ಕಾಲು ಬೇಸ್ ಬಿಡಬಾರದು. ಬಿಟ್ಟರೆ ಇವಳು ಔಟ್, ಆ ಎಸೆತವೇ ನಡೆದಿಲ್ಲವೆಂದು ಲೆಕ್ಕ.

"ಚೆಂಡು ನೋಡೋಕೆ ಊರೆಲ್ಲ ಇರುತ್ತೆ. ಕಾಲು ನೋಡೋಕೆ ನಾವಿರೋದು" ಎಂದರು ಕಂಡಕ್ಟರಮ್ಮ.

ಆಮೇಲೆ ಒಬ್ಬೊಬ್ಬರಾಗಿ ನಿಂತು "ಸ್ಟ್ರೈಕ್" ಎನ್ನಬೇಕಿತ್ತು. ನನ್ನ ಸರದಿ ಬಂದಾಗ ಗಂಟಲಿನ ಕಾಯಿಲೆಯ ಚೀಟಿ ತೋರಿಸಿದೆ. ಅವರು ಓದಿ, ಮಡಚಿ, ನನ್ನ ಜೇಬಿಗೇ ಹಾಕಿದರು. "ಕೈ ಸನ್ನೆ ಚೆನ್ನಾಗಿ ಕಲೀರಿ. ಮಾತು ಆಮೇಲೆ ನೋಡೋಣ."

ಮಾರ್ಚ್ ೨೩, ಭಾನುವಾರ

ನಿಲ್ಲುವುದೇ ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವವಳು ಕ್ಯಾಚರ್. ಅವಳ ಹಿಂದೆ, ಹೊಡೆಯುವವಳ ಕಡೆಗೆ ಒಂದಿಷ್ಟು ಸರಿದು, ಕಾಲಗಲಿಸಿ ಕುಕ್ಕರಿಸಬೇಕು. ಗದ್ದ ಕಿಟಕಿಯ ಮೇಲಂಚಿಗೆ ಬರಬೇಕು. ತಲೆ ಅಲ್ಲಾಡಬಾರದು, ಕಣ್ಣು ಮಾತ್ರ ಚೆಂಡಿನ ಹಿಂದೆ ಹೋಗಬೇಕು. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಗಟ್ಟಿ ಕವಚ.

ಪ್ಲೇಟಿನ ಮೇಲೆ ಮಣ್ಣು ಕೂತರೆ ಬ್ರಷ್‌ನಿಂದ ಗುಡಿಸಬೇಕು. ಅದಕ್ಕೂ ರೀತಿ ಇದೆ. ಪ್ಲೇಟ್ ದಾಟಿ ಆಚೆ ಹೋಗಿ, ಮೈದಾನಕ್ಕೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ ಬಗ್ಗಬೇಕು. ಯಾಕೆಂದು ಒಬ್ಬ ಯುವಕ ಕೇಳಿದ. "ದುಡ್ಡು ಕೊಟ್ಟು ಬಂದಿರೋ ಜನಕ್ಕೆ ನಿಮ್ಮ ಹಿಂಭಾಗ ತೋರಿಸೋದು ಮರ್ಯಾದೆನಾ?" ಎಂದರು ಕಂಡಕ್ಟರಮ್ಮ. ನಾನೂ ನಕ್ಕೆ. ಆಪರೇಷನ್ ಆದಮೇಲೆ ನನ್ನ ನಗುವಿಗೂ ಸದ್ದಿಲ್ಲ, ಹೆಗಲು ಮಾತ್ರ ಕುಣಿಯುತ್ತದೆ.

ಮಾರ್ಚ್ ೨೬, ಬುಧವಾರ

ಅಡುಗೆಮನೆಯಲ್ಲಿ, ಓಡಿದವಳು ಔಟಲ್ಲ ಎನ್ನುವ 'ಸೇಫ್' ಸನ್ನೆ ಅಭ್ಯಾಸ ಮಾಡುತ್ತಿದ್ದೆ. ಎರಡೂ ಕೈಗಳನ್ನು ಎದೆಯ ಮುಂದೆ ತಂದು, ಮೇಜು ಒರೆಸಿದ ಹಾಗೆ ಅಗಲಕ್ಕೆ ಬೀಸುವುದು. ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಸೊಳ್ಳೆ ಜಾಸ್ತಿ ಆಗಿದೆಯೇನಮ್ಮ?" ಎಂದರು.

ಅಲ್ಲ ಎಂದು ಹೇಳಿದೆ. ಕೇಳಿಸಲಿಲ್ಲ. ಸಂಜೆ ನೋಡಿದರೆ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು.

ಏಪ್ರಿಲ್ ೬, ಭಾನುವಾರ

ಮೊದಲ ಪಂದ್ಯ. ಹತ್ತು ವರ್ಷದೊಳಗಿನ ಮಕ್ಕಳು. ಹೋಮ್ ಹಿಂದೆ ಕಂಡಕ್ಟರಮ್ಮ, ಬೇಸ್‌ಗಳಿಗೆ ನಾನು.

ಎರಡನೇ ಸುತ್ತಿನಲ್ಲಿ ಒಂದು ಪುಟ್ಟ ಹುಡುಗಿ ಹೊಡೆದು ಮೊದಲ ಬೇಸ್‌ಗೆ ಓಡಿಬಂದಳು. ಚೆಂಡು ಅವಳಿಗಿಂತ ಮೊದಲೇ ಬಂದು ಬೇಸ್ ಕಾಯುವವಳ ಗ್ಲೌಸಿಗೆ ಬಿತ್ತು. ಪಾಠದ ಹಾಗೆಯೇ ಮಾಡಿದೆ: ಕಣ್ಣು ಬೇಸ್ ಮೇಲೆ, ಕಿವಿ ಗ್ಲೌಸಿನ ಸದ್ದಿನ ಮೇಲೆ. ಔಟ್. ನನಗೆ ಖಚಿತವಾಗಿ ಗೊತ್ತಿತ್ತು. ಮುಷ್ಟಿ ಎತ್ತಿ "ಔಟ್" ಎಂದೆ. ಅಂದುಕೊಂಡೆ. ಯಾರಿಗೂ ಕೇಳಿಸಲಿಲ್ಲ. ಮುಷ್ಟಿಯಾದರೂ ಎಷ್ಟು ಎತ್ತಿದ್ದೆನೋ ಏನೋ, ಮೊಣಕೈ ಸೊಂಟದ ಹತ್ತಿರವೇ ಇತ್ತೆಂದು ಆಮೇಲೆ ಯಾರೋ ಹೇಳಿದರು.

ಹುಡುಗಿ ಬೇಸ್ ಮೇಲೇ ನಿಂತಳು. ಹೋಗು ಎಂದು ಪಿಸುಗುಟ್ಟಿದೆ. ಅವಳು ನನ್ನನ್ನು ನೋಡಿ ನಕ್ಕಳು. ಮುಂದಿನವಳು ಬಂದು ಹೊಡೆದಳು. ಔಟಾದವಳು ಎರಡನೇ ಬೇಸ್‌ಗೆ ಓಡಿದಳು, ಆಮೇಲೆ ಮೂರನೆಯದಕ್ಕೆ. ಎರಡೂ ತಂಡದ ಕೋಚ್‌ಗಳು ನಡುವೆ ಬಂದು ನಿಂತರು. ಒಬ್ಬ ಅಪ್ಪ ಬೇಲಿಯಾಚೆಯಿಂದ "ಅಂಪೈರಮ್ಮ ಮೌನ ವ್ರತದಲ್ಲಿದಾರೆ" ಎಂದ. ಎಲ್ಲರೂ ನಕ್ಕರು. ಆ ಪುಟ್ಟ ಹುಡುಗಿ ಮಾತ್ರ ನಗಲಿಲ್ಲ. ತಾನು ಔಟೆಂದು ಹತ್ತು ನಿಮಿಷ ತಡವಾಗಿ ತಿಳಿದು, ಮೂರನೇ ಬೇಸಿನಿಂದ ಅಳುತ್ತಾ ನಡೆದುಹೋದಳು.

ನಾನು ಸರಿಯಾಗಿಯೇ ನೋಡಿದ್ದೆ. ಹಾಗಿದ್ದೂ ಆ ಮಗು ಅತ್ತಿದ್ದು ನನ್ನಿಂದ.

ಏಪ್ರಿಲ್ ೭, ಸೋಮವಾರ

ಬರೆಯುವ ಮನಸ್ಸಿಲ್ಲ.

ಏಪ್ರಿಲ್ ೧೦, ಗುರುವಾರ

ಕವಚ, ಜಾಲರಿ, ಬ್ರಷ್ ಎಲ್ಲವನ್ನೂ ಚೀಲಕ್ಕೆ ತುಂಬಿ ಕಂಡಕ್ಟರಮ್ಮನ ಮನೆಗೆ ತಗೊಂಡು ಹೋದೆ. ಅವರು ಅಂಗಳದಲ್ಲಿ ಬಟ್ಟೆ ಒಣಗಿಹಾಕುತ್ತಿದ್ದರು. ಬಿಡುತ್ತೇನೆ ಎಂದು ಬರೆದ ಚೀಟಿ ಕೊಟ್ಟೆ. ಓದಿ ಕ್ಲಿಪ್ ಹಾಕಿ ಹಗ್ಗಕ್ಕೇ ಸಿಕ್ಕಿಸಿದರು.

"ಒಣಗಲಿ. ಬನ್ನಿ ನನ್ನ ಜೊತೆ."

ಎರಡು ಬೀದಿ ಆಚೆ ಹಳೇ ಬಸ್ ಡಿಪೋ ಇದೆ. ಈಗ ಖಾಲಿ. ಒಳಗೆ ಒಂದೇ ಒಂದು ಬಸ್ಸು, ಚಕ್ರವಿಲ್ಲದ್ದು. ಅವರು ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ನನ್ನನ್ನು ಮುಂದಿನ ಬಾಗಿಲ ಹತ್ತಿರ ನಿಲ್ಲಿಸಿದರು.

"ಗಂಟಲಿಂದ ಕೂಗಿದ್ರೆ ನಾನು ಕೆಲಸಕ್ಕೆ ಸೇರಿದ ಮೊದಲನೇ ತಿಂಗಳಲ್ಲೇ ಮೂಕಿ ಆಗಿಬಿಡ್ತಿದ್ದೆ. ತುಂಬಿದ ಬಸ್ಸು ಕಣ್ರೀ. ಹಿಂದಿನ ಸೀಟಿನವನಿಗೆ ಕೇಳಿಸ್ಬೇಕು, ಮುಂದಿನ ಸೀಟಲ್ಲಿ ಮಲಗಿರೋ ಮಗು ಏಳಬಾರದು. ಅಂಥ ಧ್ವನಿ ಹೊಟ್ಟೇಲಿರುತ್ತೆ. ಕೈ ಇಡಿ ಹೊಟ್ಟೆ ಮೇಲೆ. ಉಸಿರು ತುಂಬಿ. ಈಗ ಹೇಳಿ, ಔಟ್ ಅಂತ."

ಹೇಳಿದೆ. ಏನೂ ಬರಲಿಲ್ಲ.

"ನನಗೆ ಕೇಳಿಸ್ಲಿಲ್ಲ. ನನ್ನ ಸ್ಟಾಪ್ ದಾಟಿ ಹೋಯ್ತು."

ಮತ್ತೆ ಹೇಳಿದೆ. ಮತ್ತೆ ಅವರ ಸ್ಟಾಪ್ ದಾಟಿತು. ಹನ್ನೊಂದೋ ಹನ್ನೆರಡೋ ಸಲ ಹೀಗಾಯಿತು. ಬೆವರು, ಸಿಟ್ಟು. ನನ್ನ ಮೇಲೆ ಸಿಟ್ಟು, ಅವರ ಮೇಲೂ ಸಿಟ್ಟು. ಕೊನೆಗೆ ಅವರು ಕಿಟಕಿ ಕಡೆ ತಿರುಗಿ ಆಕಳಿಸಿದರು. ಆಗ ಬಂತು. ತುಕ್ಕು ಹಿಡಿದ ಗೇಟು ತೆಗೆದ ಹಾಗೆ ಒಂದು ಸದ್ದು. ನನ್ನ ಹಳೆಯ ಧ್ವನಿಯಲ್ಲ ಅದು. ನನಗೇ ಹೆದರಿಕೆಯಾಗಿ ಬಾಯಿ ಮುಚ್ಚಿಕೊಂಡೆ.

ಕಂಡಕ್ಟರಮ್ಮ ಎದ್ದು ಬಂದು ಬಸ್ಸಿನಿಂದ ಇಳಿದರು. "ಸದ್ಯ, ನನ್ನ ಸ್ಟಾಪ್ ಬಂತು."

ಚೀಲ ವಾಪಸು ಮನೆಗೆ ಹೊತ್ತು ತಂದಿದ್ದೇನೆ. ಟೀಚರ್ ಲೆಕ್ಕಕ್ಕೆ: ಒಂದು.

ಏಪ್ರಿಲ್ ೨೦, ಭಾನುವಾರ

ಮತ್ತೆ ಹತ್ತರ ಮಕ್ಕಳ ಪಂದ್ಯ, ಮತ್ತೆ ಬೇಸ್. ಮೊದಲ ಔಟ್ ಹೇಳುವಾಗ ಒಂದು ಕೈ ಹೊಟ್ಟೆಯ ಮೇಲಿತ್ತು. ಕೇಳಿಸಿತು. ಓಡಿಬಂದವಳು ನನ್ನ ಮುಖ ನೋಡಿ ಸುಮ್ಮನೆ ತಿರುಗಿ ಹೋದಳು. ವಾದವಿಲ್ಲ, ಅಳುವಿಲ್ಲ. ಒಟ್ಟು ಹದಿನಾಲ್ಕು ತೀರ್ಪು. ಎರಡು ತಪ್ಪಾಗಿರಬಹುದು. ಒಂದು ಖಂಡಿತ ತಪ್ಪು: ಅವಸರ ಮಾಡಿ ಔಟ್ ಎಂದೆ, ಅಷ್ಟರಲ್ಲಿ ಚೆಂಡು ಗ್ಲೌಸಿನಿಂದ ಉರುಳಿತು. ತಕ್ಷಣ "ಸೇಫ್, ಚೆಂಡು ಬಿತ್ತು" ಎಂದು ತಿದ್ದಿದೆ. ಮೌನ ವ್ರತ ಎಂದಿದ್ದ ಅದೇ ಅಪ್ಪ ಅಲ್ಲೇ ಇದ್ದ, ಏನೂ ಅನ್ನಲಿಲ್ಲ.

ಕಂಡಕ್ಟರಮ್ಮ ಒಂದೇ ಮಾತು ಹೇಳಿದರು. "ಅವಸರ ಬೇಡ. ನೀವು ಹೇಳೋವರೆಗೂ ಅದು ಏನೂ ಆಗಿರಲ್ಲ."

ಏಪ್ರಿಲ್ ೨೯, ಮಂಗಳವಾರ

ಅತ್ತೆ ಮತ್ತು ನಾನು ಮಧ್ಯಾಹ್ನವೆಲ್ಲ ಕೂತು ಹಳೇ ಬೀರು ಖಾಲಿ ಮಾಡಿದೆವು. ಅವರ ಮದುವೆಯ ಫೋಟೊ ಸಿಕ್ಕಿತು. ಮಾವನ ತಮ್ಮ ಆ ಫೋಟೊದಲ್ಲಿ ಯಾಕಿಲ್ಲವೆಂದು ಕೇಳಿದೆ. ಅವನು ಊಟದ ಸಾಲಿನಲ್ಲಿ ಮೊದಲ ಜಾಗ ಹಿಡಿಯಲು ಹೋಗಿದ್ದ ಎಂದರು. ಇಬ್ಬರೂ ತುಂಬಾ ನಕ್ಕೆವು. ಅವರ ಅಕ್ಕನಿಗೂ ಅವರಿಗೂ ಮೂರು ವರ್ಷ ಮಾತು ಬಿಟ್ಟುಹೋಗಿದ್ದ ಕಥೆಯನ್ನೂ ಹೇಳಿದರು. ಇಷ್ಟು ವರ್ಷದಲ್ಲಿ ನನಗಿದು ಗೊತ್ತೇ ಇರಲಿಲ್ಲ.

ಇವರು ಅಂಗಡಿಯಿಂದ ಬಂದು ಬಾಗಿಲಲ್ಲೇ ನಿಂತಿದ್ದರು. "ಏನಾಯ್ತು?" ಎಂದೆ. "ಏನಿಲ್ಲ. ನಿಮ್ಮಿಬ್ಬರ ಮಾತು ಬೀದಿ ತಿರುವಿನವರೆಗೂ ಕೇಳಿಸ್ತಿತ್ತು" ಎಂದರು. ಅತ್ತೆಗೆ ಕಿವಿ ಮಂದವಲ್ಲವೇ, ಅವರು ಯಾವಾಗಲೂ ಜೋರಾಗಿಯೇ ಮಾತಾಡುತ್ತಾರೆ. ಇವರು ಯಾಕೋ ಸ್ವಲ್ಪ ಹೊತ್ತು ಸಪ್ಪಗಿದ್ದರು. ಮಾಡಲು ಕೆಲಸವಿಲ್ಲದವರ ಹಾಗೆ ಅಡುಗೆಮನೆಗೂ ಹೊರಗೂ ಸುತ್ತಾಡಿದರು. ಆಮೇಲೆ ತರಕಾರಿ ಹೆಚ್ಚಲು ಕೂರಿಸಿದೆ.

ಮೇ ೧೧, ಭಾನುವಾರ

ಅಂಪೈರ್ ಪರೀಕ್ಷೆ ಪಾಸು. ಬರೆಯುವುದರಲ್ಲಿ ನೂರಕ್ಕೆ ತೊಂಬತ್ತೊಂದು. ಮೈದಾನದ ಪರೀಕ್ಷೆಯಲ್ಲಿ ಹನ್ನೆರಡರ ತಂಡಗಳಿಗೆ ಹೋಮ್ ಹಿಂದೆ ನಿಂತಿದ್ದೆ. ಏಳು ಸುತ್ತು, ಇನ್ನೂರು ಎಸೆತ. ತೊಡೆ ನೋಯುತ್ತಿದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದೇನೆ.

ಒಬ್ಬ ತಂದೆ ಪ್ರತಿ ಎಸೆತಕ್ಕೂ "ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ" ಎನ್ನುತ್ತಿದ್ದರು. ಸುತ್ತಿನ ನಡುವೆ ಬೇಲಿಯ ಹತ್ತಿರ ಹೋದೆ. "ಹಾಕ್ಕೊಂಡಿದೀನಿ ಸರ್, ಜಾಲರಿ ಒಳಗಿದೆ. ನಿಮಗೆ ಕಾಣಿಸ್ತಿಲ್ಲ ಅಂದ್ರೆ ನಿಮಗೊಂದು ಮಾಡಿಸ್ಬೇಕಾಗುತ್ತೆ" ಎಂದೆ. ಅವರ ಹೆಂಡತಿಯೇ ಮೊದಲು ನಕ್ಕಿದ್ದು.

ನೀಲಿ ಅಂಗಿ ಕೊಟ್ಟರು. ತೋಳಿನಲ್ಲಿ ಸಂಘದ ಗುರುತಿದೆ. ಇವರು ತಾವೇ ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದಾರೆ. ಹೋಗುವಾಗ ಬರುವಾಗ ಅದರ ಕಾಲರ್ ಸರಿಮಾಡುತ್ತಾರೆ.

ಮೇ ೨೧, ಬುಧವಾರ

ಕ್ಲಿನಿಕ್‌ನಲ್ಲಿದ್ದಾಗ ಫೋನ್ ಬಂತು. "ನಮಸ್ಕಾರ, ಹೇಳಿ" ಎಂದೆ. ಆ ಕಡೆಯಿಂದ ಧ್ವನಿ ಟೀಚರ್ ನನ್ನ ಹೆಸರು ಹೇಳಿ, "ಅವರಿಗೆ ಸ್ವಲ್ಪ ಕೊಡ್ತೀರಾ?" ಎಂದರು.

"ನಾನೇ ಮಾತಾಡ್ತಿರೋದು."

ಫೋನ್ ಕಟ್ಟಾಯಿತೇನೋ ಎಂದುಕೊಂಡೆ. "ಮೂರು ವಾರದಿಂದ ನೀವು ಬಂದಿಲ್ಲ. ಯಾಕೆ ಅಂತ ಕೇಳೋಕೆ ಮಾಡಿದ್ದೆ. ಇರ್ಲಿ ಬಿಡಿ" ಎಂದರು. ನನಗೆ ನಾಚಿಕೆಯಾಯಿತು. ಪಂದ್ಯಗಳ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ದಿನದ ಲೆಕ್ಕ ಬರೆಯುವುದನ್ನು ಎಂದು ನಿಲ್ಲಿಸಿದೆನೋ ಅದೂ ನೆನಪಿಲ್ಲ. ಕ್ಷಮೆ ಕೇಳಿದೆ. ಅವರು ನಗುತ್ತಿದ್ದರು, ಯಾಕೆಂದು ತಿಳಿಯಲಿಲ್ಲ.

ಮೇ ೨೮, ಬುಧವಾರ

ಭಾನುವಾರ ಹದಿನಾಲ್ಕರ ಫೈನಲ್. ಹೋಮ್‌ಗೆ ಕಂಡಕ್ಟರಮ್ಮ, ಬೇಸ್‌ಗೆ ನಾನು. ಆಡುವ ಎರಡು ತಂಡಗಳಲ್ಲಿ ಒಂದು ಬಾಣಳದು. ಅವಳು ನನ್ನ ಡಾಕ್ಟರ ಮಗಳು, ಇದು ಸರಿಯೇ ಎಂದು ಕಂಡಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಈ ಊರಲ್ಲಿ ನಿಮ್ಮ ಡಾಕ್ಟರಿಗೆ ಹಲ್ಲು ತೋರಿಸದವರು ಯಾರಿದಾರೆ? ಅದನ್ನ ನೋಡ್ತಾ ಕೂತ್ರೆ ಅಂಪೈರ್‌ನ ಬೇರೆ ದೇಶದಿಂದ ತರಿಸ್ಬೇಕು" ಎಂದರು. ಆದರೂ ಎರಡೂ ಕೋಚ್‌ಗಳಿಗೆ ವಿಷಯ ತಿಳಿಸಿ, ಇಬ್ಬರೂ ಒಪ್ಪಿದ ಮೇಲೆಯೇ ನನ್ನ ಹೆಸರು ಹಾಕಿದ್ದಾರೆ.

ಡಾಕ್ಟರಿಗೆ ಬಹಳ ಖುಷಿ. ಬಂದ ರೋಗಿಗಳಿಗೆಲ್ಲ ಹೇಳುತ್ತಿದ್ದಾರೆ. "ನಮ್ಮವರೇ ಅಂಪೈರು. ನಾನೇ ಕಳಿಸಿದ್ದು."

ಜೂನ್ ೧, ಭಾನುವಾರ

ನಡೆದದ್ದನ್ನು ಇದ್ದ ಹಾಗೆಯೇ ಬರೆದಿಡುತ್ತೇನೆ.

ಬಿಸಿಲು. ಮರದ ಮೆಟ್ಟಿಲುಗಳ ಮೇಲೆ ನಾಲ್ಕುನೂರು ಜನರಿದ್ದರು. ಇವರೂ ಅತ್ತೆಯೂ ಮೂರನೇ ಸಾಲಿನಲ್ಲಿ, ಒಂದೇ ಕೊಡೆಯ ಕೆಳಗೆ.

ಕೊನೆಯ ಸುತ್ತು. ಇಬ್ಬರದೂ ಮೂರು ಮೂರು ರನ್. ಬಾಣಳ ತಂಡ ಹೊಡೆಯುತ್ತಿದೆ, ಒಬ್ಬಳು ಔಟ್. ಬಾಣ ಎರಡನೇ ಬೇಸ್ ಮೇಲೆ. ಒಂದು ಒಳ್ಳೆ ಹೊಡೆತ ಬಿದ್ದರೆ ಅಲ್ಲಿಂದ ಹೋಮ್ ಮುಟ್ಟುವುದು ಅವಳಿಗೆ ಮಾತೇ ಅಲ್ಲ. ಮುಟ್ಟಿದರೆ ಕಪ್ ಅವರದು.

ಪಿಚ್ಚರ್ ಕೈ ಹಿಂದಕ್ಕೆ ಹೋಯಿತು. ಎಲ್ಲರ ಕಣ್ಣೂ ಆ ಕೈ ಮೇಲೆ. ನನ್ನದು ಬಾಣಳ ಬಲಗಾಲ ಮೇಲೆ, ಕಣ್ಣಂಚು ಮಾತ್ರ ಪಿಚ್ಚರ್ ಕಡೆಗೆ. ಕೈ ಸುತ್ತಿ ಬರುತ್ತಿದೆ, ಚೆಂಡು ಇನ್ನೂ ಬೆರಳಲ್ಲೇ ಇದೆ, ಬಾಣಳ ಕಾಲು ಬೇಸ್ ಬಿಟ್ಟಿತು. ಬಿಳಿ ಬೇಸಿಗೂ ಅವಳ ಬೂಟಿಗೂ ನಡುವೆ ಮಣ್ಣು ಕಂಡಿತು. ಆಮೇಲೆ ಚೆಂಡು ಪಿಚ್ಚರ್ ಕೈ ಬಿಟ್ಟಿತು.

ಎರಡೂ ಕೈ ಎತ್ತಿ ಕೂಗಿದೆ. ಅದೇ ಕ್ಷಣಕ್ಕೆ ಬ್ಯಾಟಿಗೆ ಚೆಂಡು ತಗುಲಿದ ಟಪ್ ಎಂಬ ಸದ್ದು, ನಾಲ್ಕುನೂರು ಜನರ ಗಂಟಲು. ನನ್ನದು ಅದರಡಿಯಲ್ಲಿ ಮುಳುಗಿಹೋಯಿತು. ಚೆಂಡು ದೂರ ಹೋಯಿತು. ಬಾಣ ಮೂರನೆಯದನ್ನು ಸುತ್ತಿ ಹೋಮ್ ಮುಟ್ಟಿದಳು. ಅವಳ ತಂಡವೆಲ್ಲ ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡಿತು. ನೀರಿನ ಬಾಟಲಿಗಳು ಹಾರಿದವು. ನಾನೊಬ್ಬಳು ಮೈದಾನದ ನಡುವೆ ಕೈ ಎತ್ತಿಕೊಂಡು ನಿಂತಿದ್ದೆ. ಕೈ ಇಳಿಸಿದರೆ ಅಲ್ಲಿಗೆ ಮುಗಿಯಿತು. ಯಾರೂ ನೋಡಿಲ್ಲ, ಯಾರೂ ಕೇಳುವುದಿಲ್ಲ. ಹಾಗೆಂದು ಒಂದು ಗಳಿಗೆ ಮನಸ್ಸಿಗೆ ಬಂತು, ಅದನ್ನೂ ಬರೆದಿಡಬೇಕು.

ಕೈ ಇಳಿಸಲಿಲ್ಲ. ಹೋಮ್ ಕಡೆ ನಡೆದೆ. ಹತ್ತು ಹೆಜ್ಜೆ ದೂರದಲ್ಲಿ ನಿಂತು, ಉಸಿರು ತುಂಬಿಕೊಂಡು ಹೇಳಿದೆ.

"ನೋ ಪಿಚ್. ಆ ಎಸೆತ ಲೆಕ್ಕಕ್ಕಿಲ್ಲ. ಎರಡನೇ ಬೇಸ್‌ನವಳು ಮುಂಚೆ ಬಿಟ್ಟಿದಾಳೆ. ಔಟ್."

ಮೊದಲು ಹುಡುಗಿಯರ ಕುಣಿತ ನಿಂತಿತು. ಆಮೇಲೆ ಮೆಟ್ಟಿಲುಗಳ ಮೇಲಿನ ಕೂಗು. ಗಾಳಿಗೆ ಸ್ಕೋರು ಹಲಗೆಯ ತಗಡು ಬಡಿಯುವುದು ಕೇಳಿಸುತ್ತಿತ್ತು.

ಆಮೇಲೆ ಎಲ್ಲ ಒಟ್ಟಿಗೆ. ಬಾಣಳ ಕೋಚ್ ಟೋಪಿ ನೆಲಕ್ಕೆ ಎಸೆದು ಬಂದ. ಕಂಡಕ್ಟರಮ್ಮನಿಗೆ "ನೀವು ಹಿರಿಯರು, ಇದನ್ನ ಬದಲಾಯಿಸಿ" ಎಂದ.

"ನಾನು ಚೆಂಡು ನೋಡ್ತಿದ್ದೆ, ಅವರು ಕಾಲು ನೋಡ್ತಿದ್ರು. ತೀರ್ಪು ಅವರದು" ಎಂದರು ಅವರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಜಾಲರಿ ತೆಗೆದರು. ಮುಖ ಕೆಂಪಗಾಗಿತ್ತು. ಮೆಲ್ಲಗೆ ಕೇಳಿದರು, "ಕಂಡಿದ್ದಾ, ಅನ್ನಿಸಿದ್ದಾ?"

"ಕಂಡಿದ್ದು."

"ಸರಿ" ಎಂದು ಜಾಲರಿ ಹಾಕಿಕೊಂಡರು.

ಅಷ್ಟರಲ್ಲಿ ಡಾಕ್ಟರು ಬೇಲಿಯ ಸಣ್ಣ ಬಾಗಿಲು ದಾಟಿ ಒಳಗೇ ಬಂದುಬಿಟ್ಟಿದ್ದರು. "ಏನಿದು, ನೀವು? ಹದಿನೆಂಟು ವರ್ಷ ನನ್ನ ಜೊತೆ ಇದ್ದು... ಅರ್ಧ ಇಂಚಿಗೆ ಮಕ್ಕಳ ಕಪ್ ಕಿತ್ಕೊಳ್ತೀರಾ?"

"ಡಾಕ್ಟ್ರೇ, ಆಟ ಮುಗಿದಿಲ್ಲ. ಮೈದಾನದಲ್ಲಿ ಆಡೋರು ಮಾತ್ರ ಇರ್ಬೇಕು. ದಯವಿಟ್ಟು ಬೇಲಿ ಆಚೆ ಹೋಗಿ."

ಅವರು ನನ್ನನ್ನೇ ನೋಡಿದರು. ಹೋಗುತ್ತಾರೋ ಇಲ್ಲವೋ ಎಂದು ನಾನೂ ಕಾದೆ. ಹೋದರು. ಬಾಗಿಲು ಹಾಕಿಕೊಂಡೇ ಹೋದರು.

ಹೊಡೆದವಳು ಮತ್ತೆ ಬಂದು ನಿಂತು ಹೊಡೆದಳು. ಚೆಂಡು ಎತ್ತರಕ್ಕೆ ಹೋಗಿ ಎದುರಾಳಿಯ ಗ್ಲೌಸಿಗೆ ಬಿತ್ತು. ಮೂರನೇ ಔಟ್, ಸುತ್ತು ಮುಗಿಯಿತು. ಹೆಚ್ಚುವರಿ ಸುತ್ತಿನಲ್ಲಿ ಎದುರು ತಂಡ ಒಂದು ರನ್ ಗಳಿಸಿತು. ಬಾಣಳ ತಂಡ ಗಳಿಸಲಿಲ್ಲ. ಕಪ್ ಆ ಕಡೆ ಹೋಯಿತು.

ಕೈ ಕುಲುಕುವ ಸಾಲಿನಲ್ಲಿ ಬಾಣ ಕೊನೆಯವಳು. ಕಣ್ಣು ಕೆಂಪಾಗಿತ್ತು. ನನ್ನ ಮುಂದೆ ನಿಂತಳು.

"ಎಷ್ಟು ಮುಂಚೆ ಬಿಟ್ಟೆ ಆಂಟಿ?"

"ಅರ್ಧ ಹೆಜ್ಜೆ."

ಬೂಟಿನ ತುದಿ ನೋಡಿಕೊಂಡಳು. "ನನಗೂ ಹಾಗೇ ಅನ್ನಿಸ್ತು. ಯಾರೂ ನೋಡಲ್ಲ ಅಂದ್ಕೊಂಡಿದ್ದೆ."

"ನಿನ್ನ ಓಟಕ್ಕೆ ಆ ಅರ್ಧ ಹೆಜ್ಜೆ ಬೇಕೇ ಇರ್ಲಿಲ್ಲ ಮಗಳೇ. ಆಮೇಲೆ ಹೊರಟಿದ್ರೂ ಮುಟ್ಟಿರ್ತಿದ್ದೆ."

ಅವಳು ಯೋಚಿಸಿದಳು. "ಹೌದಲ್ವಾ?" ಎಂದಳು. ಅಳುತ್ತಿದ್ದವಳ ಮುಖದಲ್ಲಿ ಒಂದು ಹೆಮ್ಮೆ ಬಂತು.

ಬಟ್ಟೆ ಬದಲಿಸಿ ಹೊರಗೆ ಬಂದಾಗ ಗೇಟಿನಲ್ಲಿ ಇವರು, ಅತ್ತೆ. ಇವರು ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಅತ್ತೆಯೇ ಹೇಳಿದರು. "ಇಷ್ಟು ಜನ ಕಿರುಚಿದ್ರಲ್ಲ, ನನಗೆ ಒಂದಕ್ಷರ ತಿಳೀಲಿಲ್ಲ. ನೀನು ಹೇಳಿದ್ದು ಮಾತ್ರ ಪೂರ್ತಿ ಕೇಳಿಸ್ತು."

ಜೂನ್ ೨, ಸೋಮವಾರ

ಕ್ಲಿನಿಕ್‌ಗೆ ಹೋದೆ. ಡಾಕ್ಟರು ಮಾತಾಡಲಿಲ್ಲ. ಬೆಳಿಗ್ಗೆಯಿಂದ ಆರು ರೋಗಿಗಳು. ಅವರು ಕೈ ಚಾಚಿದರು, ನಾನು ಕೊಟ್ಟೆ.

ಏಳನೆಯವರು ಅಂಚೆ ಕಚೇರಿಯ ಗುಮಾಸ್ತೆ. ಕೆಳದವಡೆಯ ಹಲ್ಲು. ಚುಚ್ಚುಮದ್ದು ಕೊಟ್ಟು ಡಾಕ್ಟರು ಕೊರೆಯುವ ಯಂತ್ರ ಎತ್ತಿಕೊಂಡರು. ಆಕೆಯ ಕೈಬೆರಳುಗಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದದ್ದನ್ನು ನೋಡಿದೆ. ಹಲ್ಲಿನ ಪಕ್ಕ ಕನ್ನಡಿ ತಾಗಿದಾಗ ಕಾಲ ಹೆಬ್ಬೆರಳು ಮಡಚಿತು.

"ನಿಲ್ಸಿ ಡಾಕ್ಟ್ರೇ" ಎಂದೆ. "ಇನ್ನೂ ಮರಗಟ್ಟಿಲ್ಲ."

ಯಂತ್ರ ನಿಂತಿತು. ನೋವಾಗುತ್ತಿದೆಯೇ ಎಂದು ಡಾಕ್ಟರು ಆಕೆಯನ್ನು ಕೇಳಿದರು. ಆಕೆ ಹೌದೆಂದು ತಲೆಯಾಡಿಸಿದರು, ಕಣ್ಣಲ್ಲಿ ನೀರು.

"ಎಷ್ಟು ಹೊತ್ತು ಬಿಡೋಣ?" ನನ್ನನ್ನೇ ಕೇಳಿದ್ದು.

"ಐದು ನಿಮಿಷ."

ಕಾಯುತ್ತಾ ಕೂತೆವು. ಹೊರಗೆ ಯಾರೋ ಕೆಮ್ಮಿದರು. ಡಾಕ್ಟರು ಕೈಗವಸು ತೆಗೆದರು, ಮತ್ತೊಂದು ಜೊತೆ ಹಾಕಿಕೊಂಡರು. ಕೊನೆಗೆ ಗೋಡೆ ನೋಡುತ್ತಾ ಕೇಳಿದರು. "ನಿನ್ನೆ ರಾತ್ರಿ ಮಗಳು ಹೇಳಿದ್ಲು. ಅರ್ಧ ಹೆಜ್ಜೆ ಅಂತೆ. ನಿಜವಾಗ್ಲೂ ಅರ್ಧನಾ?"

"ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇರ್ಬೇಕು."

"ಕಡಿಮೆ ಅಂದ್ರೆ ಎಷ್ಟು?"

"ಔಟ್ ಆಗೋಷ್ಟು."

ಬಾಯಿ ತೆರೆದು ಮಲಗಿದ್ದ ಗುಮಾಸ್ತೆ ಮೊದಲು ನಕ್ಕರು, ಅರ್ಧ ತುಟಿಯಲ್ಲಿ. ಆಮೇಲೆ ಡಾಕ್ಟರು. ನಾನು ಗಡಿಯಾರ ನೋಡಿದೆ.

"ಐದಾಯ್ತು. ಈಗ ಶುರು ಮಾಡಿ" ಎಂದೆ.